ಚಕ್ರದ ಮನೆಯ ಬ್ಯಾಟರಿ

ತಮ್ಮನಿಗೆ,

ನೀನು ಮನೆ ಮಾಡಿಕೊಂಡಿರುವ ವ್ಯಾನು, ಆ ನಿನ್ನ ಚಕ್ರದ ಮನೆ, ಮೂರನೇ ಸಲವೂ ಸ್ಟಾರ್ಟ್ ಆಗಲಿಲ್ಲವೆಂದು ನಿನ್ನೆ ಸಂಜೆ ಫೋನಿನಲ್ಲಿ ಹೇಳಿದವಳು ಅಮ್ಮ. “ಆದ್ರೂ ಚಿಕ್ಕೋನು ಒಂದಿನಾನೂ ಗದರಲ್ಲ ಕಣೋ” ಎಂದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಬ್ಯಾಟರಿ ಕೆಟ್ಟಿಲ್ಲ. ನೀನು ಹೊರಗೆ ಹೋದಾಗ ಅಮ್ಮ ಮುಂದಿನ ಸೀಟಿನಲ್ಲಿ ಕುಳಿತು, ಕೀಲಿ ಅರ್ಧ ತಿರುಗಿಸಿ ರೇಡಿಯೋ ಕೇಳುತ್ತಾಳೆ, ಅದರಿಂದ ಚಾರ್ಜ್ ಇಳಿಯುತ್ತದೆ. ನನ್ನ ಗ್ಯಾರೇಜಿನಲ್ಲೂ ಗಿರಾಕಿಗಳ ಕಾರಿನಲ್ಲಿ ಹೀಗೇ ಮಾಡುತ್ತಿದ್ದಳು. ಒಮ್ಮೆ ಗದರಿದೆ, ಮರುವಾರವೇ ನಿನ್ನ ಬಂಡಿ ಹತ್ತಿದಳು. ಇದನ್ನು ಮುಚ್ಚಿಟ್ಟರೆ ಬ್ಯಾಟರಿ ಮತ್ತೆ ಮತ್ತೆ ಇಳಿದು ಒಂದು ದಿನ ನೀನೂ ಗದರುತ್ತೀಯ, ಅವಳು ಇಲ್ಲಿಗೆ ಮರಳುತ್ತಾಳೆ ಎಂದು ಆಸೆಯಾಗಿತ್ತು.

ಗದರಬೇಡ. ರೇಡಿಯೋ ತಂತಿಯನ್ನು ಎಂಜಿನ್ ಬ್ಯಾಟರಿಯಿಂದ ಬಿಚ್ಚಿ, ಒಳಗಿನ ದೀಪ, ಫ್ಯಾನುಗಳಿಗಿರುವ ಬೇರೆ ಬ್ಯಾಟರಿಗೆ ಕೊಡು.

ಇಂದು ಬೆಳಿಗ್ಗೆ ನಿನ್ನ ಅತ್ತಿಗೆಯೂ ನಾನೂ ಗ್ಯಾರೇಜಿನ ಬಾಗಿಲಲ್ಲಿ ಅಮ್ಮನಿಗೊಂದು ಕುರ್ಚಿ ಹಾಕಿ, ಹಳೆಯ ಬ್ಯಾಟರಿಗೆ ರೇಡಿಯೋ ಜೋಡಿಸಿದೆವು. ಹಾಡುತ್ತಲೇ ಇದೆ. ನಾನು ನಿಲ್ಲಿಸಿಲ್ಲವೆಂದು ಅಮ್ಮನಿಗೆ ಹೇಳು.

ನಿನ್ನ ಅಣ್ಣ