ಬ್ಯಾರನ್‌ನಲ್ಲಿ ಒಣಗಿದ ಬಟ್ಟೆ

ಹಾರನಹಳ್ಳಿ

ಮಾವನವರಿಗೆ ನಮಸ್ಕಾರ.

ಎದುರು ನಿಂತು ಹೇಳಿದರೆ ಸೊಸೆ ಬಾಯಿ ಮಾಡುತ್ತಾಳೆ ಅನ್ನುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಒಗೆದು ಒಣಗಿಸಿಯೂ ಕೊಡುವ ಮೆಷಿನ್ ತರೋಣವೆಂದು ನಿಮ್ಮ ಮಗ ಕೇಳಿದರೆ, "ಬ್ಯಾರನ್‌ಲಿ ಪುಕ್ಸಟ್ಟೆ ಶಾಖ ಅದಲ್ಲಾ, ಮೆಷಿನ್ ಯಾಕ್ಲಾ?" ಅಂದಿರಿ. ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಆ ಬ್ಯಾರನ್ ಮನೆಯಲ್ಲೇ ಮಳೆಗಾಲವಿಡೀ ನಮ್ಮ ಬಟ್ಟೆ ಒಣಗುತ್ತದೆ. ಯೂನಿಫಾರ್ಮಿನ ಘಾಟಿಗೆ ಶಾಲೆಯಲ್ಲಿ ನನ್ನ ಮಗಳ ಪಕ್ಕ ಯಾರೂ ಕೂರುತ್ತಿಲ್ಲ. ನಿನ್ನೆ ಅತ್ತುಕೊಂಡು ಬಂದವಳಿಗೆ, "ದುಡ್ಡು ತರೋ ಸೊಪ್ಪು, ಲಕ್ಷ್ಮಿ ವಾಸ್ನೆ ಕಣವ್ವಾ, ಅಳ್ಬೇಡ" ಎಂದು ನಕ್ಕಿರಿ.

ನಿಮ್ಮ ಪೂಜೆಯ ಮಡಿಪಂಚೆ ಮಾತ್ರ ಬ್ಯಾರನ್ ಕಂಡಿಲ್ಲ. ಅದಕ್ಕೆ ನಡುಮನೆಯಲ್ಲಿ ಬೇರೆ ಹಗ್ಗ, ಫ್ಯಾನಿನ ಗಾಳಿ. ಇವತ್ತು ಅದನ್ನೂ ಬ್ಯಾರನ್‌ನಲ್ಲಿ ಹರವಿ ಬಂದಿದ್ದೇನೆ. ನಾಳೆ ಅದನ್ನೇ ಉಟ್ಟು ಪೂಜೆಗೆ ಕೂರಿ, ಶಿವನಿಗೂ ಲಕ್ಷ್ಮಿ ವಾಸನೆ ಹಿಡಿಸುತ್ತದೋ ನೋಡೋಣ. ಮೆಷಿನ್ ಬೇಕೋ ಬೇಡವೋ ಆಮೇಲೆ ಹೇಳಿ.

ನಿಮ್ಮ ಸೊಸೆ,
ಹೇಮಶ್ರೀ