ನನಗಿಂತ ಮೊದಲು ದೊಡ್ಡವನಾದವನಿಗೆ

ಲೋ ರಹಮೀಮ್,

ಕೆಲಸ ಮುಗಿಸ್ಕೊಂಡು, ಕೂತ್ಕೊಂಡು ಕೇಳು. ನನ್ನ ಬಾಯಿ ಗೊತ್ತಲ್ಲ ನಿನಗೆ, ಚಿಕ್ಕದಾಗಿ ಹೇಳೋಕೆ ಬರಲ್ಲ. ನಾಡಿದ್ದು ಶನಿವಾರ ನಿನ್ನ ಮಗ ಓವದ್ಯಾನ ಬಾರ್ ಮಿತ್ಸ್ವಾ, ಹದಿಮೂರು ತುಂಬಿ ಗಂಡಸರ ಲೆಕ್ಕಕ್ಕೆ ಸೇರೋ ದಿನ. "ದೊಡ್ಡವನಾಗೋದು ಅಂದ್ರೇನು ಅಂತ ನೀನೇ ನಾಲ್ಕು ಮಾತು ಹೇಳು, ಮನೆಗೆ ಹಿರಿಯ ನೀನಲ್ವಾ" ಅಂದೆ ನೀನು. ಮೂರು ದಿನದಿಂದ ಆ 'ಹಿರಿಯ' ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ.

ಹಿರಿಯ ಹೌದು, ಹತ್ತು ದಿನಕ್ಕೆ. ನಾವು ಹುಟ್ಟಿದ ವರ್ಷ ನಮ್ಮ ಯೆಹೂದಿ ಪಂಚಾಂಗದಲ್ಲಿ ಅಧಿಕ ಮಾಸ, ಅದಾರ್ ತಿಂಗಳು ಎರಡು ಸಲ ಬಂದಿತ್ತು. ನಾನು ಮೊದಲನೇ ಅದಾರಿನ ಇಪ್ಪತ್ತೈದಕ್ಕೆ, ನೀನು ಎರಡನೇದರ ಐದಕ್ಕೆ. ನಮಗೆ ಹದಿಮೂರು ತುಂಬಿದ ವರ್ಷ ಅದಾರ್ ಒಂದೇ. ಐದು ಮೊದಲು ಬಂತು, ಇಪ್ಪತ್ತೈದು ಆಮೇಲೆ. ಪ್ರಾರ್ಥನಾ ಮಂದಿರದ ಬೀಗ ತೆಗೀತಿದ್ದ ಮಸೂದಜ್ಜ ಎಲ್ಲರೆದುರಿಗೂ ನಕ್ಕುಬಿಟ್ಟ: "ಏನೋ ಎಲ್ಕಾನ, ಚಿಕ್ಕೋನು ಗಂಡಸಾದ, ನೀನಿನ್ನೂ ಇಪ್ಪತ್ತು ದಿನ ಮಗುನೇ ಕಣೋ!"

ನನ್ನಪ್ಪ, ಅಂದ್ರೆ ನಿನ್ನ ದೊಡ್ಡಪ್ಪ, ತೀರ್ಕೊಂಡು ಆಗ ಆರು ತಿಂಗಳು. ದಿನಾ ಬೆಳಿಗ್ಗೆ ನಾನು ಅಪ್ಪನಿಗೋಸ್ಕರ ಕದ್ದಿಶ್ ಹೇಳ್ಬೇಕು, ತೀರ್ಕೊಂಡೋರಿಗೆ ಮಗ ಹೇಳೋ ಪ್ರಾರ್ಥನೆ. ಹತ್ತು ಗಂಡಸರು ಸೇರದಿದ್ರೆ ಹೇಳೋ ಹಾಗಿಲ್ಲ. ನಮ್ಮೂರಲ್ಲಿ ಕೆಲವರು ಕೋಳಿ ಫಾರಂಗೆ, ಕೆಲವರು ಬಾಳೆ ತೋಟಕ್ಕೆ ಹೋಗ್ಬಿಟ್ರೆ ಉಳಿಯೋದು ಒಂಬತ್ತೇ. ನಾನು ಅಲ್ಲೇ ನಿಂತಿದ್ರೂ ಲೆಕ್ಕಕ್ಕಿಲ್ಲ. ಎಷ್ಟು ದಿನ ಹಾಗೇ ವಾಪಸ್ ಬಂದಿದೀನಿ. ನಿನಗೆ ಹದಿಮೂರು ತುಂಬಿದ್ದೇ ನೀನು ಹತ್ತನೆಯವನಾದೆ. ನನ್ನಪ್ಪನಿಗೆ ನಾನು ಸಾಲದೆ ನೀನು ಬೇಕಾದೆಯಲ್ಲ, ಅದೇ ಉರಿ ನನಗೆ.

ನಿನ್ನ ಬಾರ್ ಮಿತ್ಸ್ವಾ ಶನಿವಾರ ನೀನು ತೋರಾ ಗ್ರಂಥ ಓದಿ ಮುಗಿಸಿದ್ದೇ ಎಲ್ಲರೂ ಪದ್ಧತಿ ಪ್ರಕಾರ ನಿನ್ನ ಮೇಲೆ ಮಿಠಾಯಿ ಎಸೆದ್ರು. ಚಿಕ್ಕಮ್ಮ ಹಂಚಿದ್ದು ಮೆತ್ತನೆಯವು. ನಾನು ಮನೆಯಿಂದ ಕಲ್ಲಿನಂಥ ಪೆಪ್ಪರ್‌ಮಿಂಟ್ ತಂದಿದ್ದೆ. ಗುರಿ ಇಟ್ಟೇ ಹೊಡೆದೆ. ನಿನ್ನ ಹುಬ್ಬಿನ ಮೇಲೆ ಚರ್ಮ ಒಡೀತು, ರಕ್ತ ಬಂತು. ಯಾರು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ನಾನೇ ಕಣೋ. ಮೂವತ್ತೇಳು ವರ್ಷ ಆಯ್ತು, ಇವತ್ತು ಹೇಳ್ತಿದೀನಿ.

ಭಾನುವಾರ ನೀನು ಬರಲ್ಲ ಅಂದ್ಕೊಂಡಿದ್ದೆ. ಬಂದೆ. ಕಣ್ಣು ಅರ್ಧ ಮುಚ್ಚಿಹೋಗಿತ್ತು. "ಏನಪ್ಪಾ ಗಂಡಸೇ, ಆಗ್ಲೇ ಹೊಡೆದಾಟನಾ?" ಅಂದ ಮಸೂದಜ್ಜ. "ಬಾಗಿಲು ತಗುಲ್ತು ಅಜ್ಜ" ಅಂದೆ ನೀನು. "ಮಲ್ಕೋ ಅಂದ್ರೆ ಕೇಳಲ್ಲ, ನಾನಿಲ್ದಿದ್ರೆ ಎಲ್ಕಾನ ಹೇಳೋ ಹಾಗಿಲ್ಲ ಅಂತಾನೆ" ಅಂತ ಚಿಕ್ಕಪ್ಪ ಗೊಣಗಿದ್ರು. ನಾನು ಕದ್ದಿಶ್ ಹೇಳ್ದೆ. ಎಲ್ಲರಿಗಿಂತ ಜೋರಾಗಿ ನೀನು ಆಮೆನ್ ಅಂದೆ. ಇಪ್ಪತ್ತು ದಿನ, ಒಂದು ದಿನಾನೂ ತಪ್ಪಿಸಲಿಲ್ಲ.

ಮಿಠಾಯಿ ಬಿದ್ದಿದ್ದನ್ನ ಊರೇ ನೋಡಿತ್ತು. ಬಾಗಿಲು ಅಂತ ಯಾಕೋ ಅಂದೆ? ನಿನಗೆ ಗೊತ್ತಿತ್ತಾ? ಕೇಳೋಕೆ ನನಗೆ ಧೈರ್ಯ ಇರಲಿಲ್ಲ. ಇಪ್ಪತ್ತೈದಕ್ಕೆ ನನಗೂ ತಾರೀಖು ಬಂತು, ಹೊಸ ಸೂಟು ಬಂತು, ಅಮ್ಮ ಅತ್ತಳು. ಆದ್ರೆ ದೊಡ್ಡವನಾದೆ ಅಂತ ಅನ್ನಿಸಲೇ ಇಲ್ಲ. ಯಾಕಂದ್ರೆ ದೊಡ್ಡವನು ಹೇಗಿರ್ತಾನೆ ಅಂತ ಆಗ್ಲೇ ನೋಡಿಬಿಟ್ಟಿದ್ದೆ.

ಓವದ್ಯಾನಿಗೆ ನಾನು ಹೇಳೋದಿದ್ರೆ ಇದೊಂದೇ, ನನ್ನ ಹೆಸರು ಸಮೇತ. ನೀನು ಒಪ್ಪಿದ್ರೆ ನಿಂತು ಹೇಳ್ತೀನಿ. ಬೇಡ ಅಂದ್ರೆ ಬಾಯಿ ಮುಚ್ಕೊಂಡು ಹಿಂದಿನ ಬೆಂಚಲ್ಲಿ ಕೂರ್ತೀನಿ. ಬೈಯೋದಿದ್ರೆ ಇವತ್ತೇ ಬೈದು ಕಳಿಸು. ಶುಕ್ರವಾರ ದೀಪ ಹಚ್ಚೋಕೆ ಮುಂಚೆ ಹೈಫಾದಿಂದ ಬಂದು ನಿನ್ನ ಬಾಗಿಲಲ್ಲಿ ನಿಂತಿರ್ತೀನಿ.

ಹುಡುಗನಿಗೆ ದೇವರು ನಿನ್ನ ಬುದ್ಧಿ ಕೊಡ್ಲಿ.

ನಿನ್ನ ದೊಡ್ಡಪ್ಪನ ಮಗ,
ಎಲ್ಕಾನ