ಕಲ್ಲಂಗಿ ತೊಟ್ಟ ಹುಳ

ಪ್ರೀತಿಯ ಅಪ್ಪ,

ಓದು ಬಿಟ್ಟು ಬಂದುಬಿಡ್ತೀನಿ ಅಂತ ಹೋದ ವಾರ ಫೋನಿನಲ್ಲಿ ಅತ್ತೆನಲ್ಲ, ಆ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಅಮ್ಮನಿಗೂ ಹೇಳಿ.

ಚಳಿ ಕಳೆದು ಬಿಸಿಲು ಬಂತೆಂದು ಕಾಲೇಜಿನವರು ಭಾನುವಾರ ಹೊರದೇಶದ ವಿದ್ಯಾರ್ಥಿಗಳನ್ನೆಲ್ಲ ಬಸ್ಸಿನಲ್ಲಿ ಕಾಡಿನ ಹೊಳೆಗೆ ಕರೆದುಕೊಂಡು ಹೋಗಿದ್ದರು. ನನಗೆ ಮನಸ್ಸಿರಲಿಲ್ಲ. ಹಾಸ್ಟೆಲಿನ ಅಡುಗೆಯಮ್ಮ, "ಹೀಗೇ ಕೂತರೆ ಕೂತಲ್ಲೇ ಬೇರು ಬಿಡ್ತೀಯ, ಹೋಗು" ಅಂತ ಬುತ್ತಿ ಕಟ್ಟಿ ಕಳಿಸಿದರು.

ಊಟದ ಹೊತ್ತಿಗೆ ತಲೆ ಎಣಿಸಿದರೆ ಒಬ್ಬಳು ಕಮ್ಮಿ. ನನ್ನ ಪಕ್ಕದ ರೂಮಿನವಳು. ಆರು ತಿಂಗಳಿಂದ ಒಂದು ಮಾತೂ ಆಡಿರಲಿಲ್ಲ, ಜಂಬದವಳು ಅಂದುಕೊಂಡಿದ್ದೆ. ಆದರೂ ಬುತ್ತಿ ಅಲ್ಲೇ ಬಿಟ್ಟೆ. ಹೊಳೆಯ ಗುಂಟ ಕೂಗುತ್ತಾ ಓಡಿದೆ. ನೋಡಿದರೆ ಮಹಾರಾಯಿತಿ ಮೊಣಕಾಲುದ್ದ ನೀರಲ್ಲಿ ನಿಂತು, ಒಂದು ಕಲ್ಲು ಮಗುಚಿ ನೋಡುತ್ತಿದ್ದಾಳೆ! ಬೈಯಲು ಬಾಯಿ ತೆಗೆದೆ. "ಮೆಲ್ಲಗೆ ಬಾ" ಅಂದಳು. ಕಲ್ಲಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಹುಳ. ಮರಳಿನ ಹರಳುಗಳನ್ನೇ ಜೋಡಿಸಿ ಅಂಗಿ ಮಾಡಿಕೊಂಡಿದೆ!

"ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ?" ಅಂತ ಕೇಳಿದಳು.

"ಗೊತ್ತಿಲ್ಲ. ನಮ್ಮಪ್ಪನಿಗೆ ಗೊತ್ತಿರುತ್ತೆ. ದಿನಾ ನದಿಗಿಳಿದು ನೀರಿನ ಮಟ್ಟ ಬರೆದುಕೊಳ್ಳೋದೇ ಅವರ ಕೆಲಸ."

ಅವಳು ನನ್ನನ್ನೇ ನೋಡಿ, "ನೀನು ಮಾತಾಡ್ತೀಯಾ? ಜಂಬದವಳು ಅಂದುಕೊಂಡಿದ್ದೆ" ಅಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ, ಹುಡುಕಲು ಬಂದವರು ಏನೋ ಆಯಿತೆಂದು ಓಡಿಬಂದರು.

ಆ ಹುಳ ನಮ್ಮ ನದಿಯಲ್ಲೂ ಇದೆಯಾ ಅಪ್ಪ? ನಾಳೆ ಒಂದು ಕಲ್ಲು ಮಗುಚಿ ನೋಡಿ. ಪಾಚಿ ಜಾರುತ್ತೆ, ಜೋಪಾನ. ಹೆಸರು ಬೇಗ ಬರೆಯಿರಿ. "ಅಪ್ಪನಿಗೆ ಕಾಗದ ಹಾಕಿದೆಯಾ?" ಅಂತ ಆಗಲೇ ಎರಡು ಸಲ ಗೋಡೆ ತಟ್ಟಿ ಕೇಳಿದಳು.

ನಿಮ್ಮ ಕಿರಿಯವಳು